ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್ ಕಿರ್ಲೋಸ್ಕರರು

ಹರಿಹರದ ಹೆಸರೆತ್ತಿದೊಡನೆ ನಮ್ಮ ಸೀಮೆಯ ಹಿರಿಯರಿಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು, ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರನ ದೇವಾಲಯ. ಇನ್ನೊಂದು, ಬಹುಕಾಲ ಅನೇಕ ಸಂಸಾರಗಳಿಗೆ ಅನ್ನವಿಕ್ಕಿದ ಕಿರ್ಲೋಸ್ಕರ್ ಕಾರ್ಖಾನೆ. ದೇವಾಲಯವನ್ನು ಕುರಿತು ಬರೆದವರು ಹಲವರಿದ್ದಾರೆ. ಕಾರ್ಖಾನೆಯ ಹೆಸರಿನ ಹಿಂದಿರುವ ಮನುಷ್ಯನ ಕಥೆ ಮಾತ್ರ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರಿಗೆ ತಿಳಿಯದು. ತೋಟದ ಪಂಪಿನ ಮೇಲೆ ಆ ಹೆಸರನ್ನು ಓದುತ್ತೇವೆ. ಅದು ಒಬ್ಬ ವ್ಯಕ್ತಿಯ ಮನೆತನದ ಹೆಸರೆಂಬುದನ್ನೇ ಮರೆತುಬಿಡುತ್ತೇವೆ. ಮಾಯಕೊಂಡದ ಒಕ್ಕಲು ಮನೆಯಲ್ಲಿ ಹುಟ್ಟಿ, ಕಲಾ ವಿಭಾಗದಲ್ಲಿ ಓದುತ್ತಿರುವ ನನಗೆ ಈ ಮಹನೀಯರ ಜೀವನದಲ್ಲಿ ವಿಶೇಷವಾದ ಆಸಕ್ತಿ ಹುಟ್ಟಲು ಕಾರಣವುಂಟು. ಅದನ್ನು ಮುಂದೆ ಹೇಳುತ್ತೇನೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಯ ಮಾತು ಮರಾಠಿ. ಸುತ್ತಲ ನಾಡು ಕನ್ನಡ. ಚಿಕ್ಕಂದಿನಿಂದಲೂ ಅವರ ಒಲವು ಎರಡು ಕಡೆಗೆ ಹರಿಯುತ್ತಿತ್ತು: ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದು. ಶಾಲೆಯ ಪಾಠದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ತಂದೆಯವರ ಇಷ್ಟಕ್ಕೆ ವಿರುದ್ಧವಾಗಿ, ಅಣ್ಣ ರಾಮಚಂದ್ರರಾಯರ ಹಣದ ನೆರವಿನಿಂದ, 1885ರಲ್ಲಿ ಅವರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ರಾಮುಅಣ್ಣನೆಂದು ಎಲ್ಲರ ಬಾಯಲ್ಲಿದ್ದ ಈ ಅಣ್ಣನ ಆಸರೆ ತಮ್ಮನಿಗೆ ಮುಂದೆಯೂ ತಪ್ಪಲಿಲ್ಲ.

ಕಲಾಶಾಲೆಯಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಕಠೋರ ಸತ್ಯ ಹೊರಬಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಚಿತ್ರಕಾರನಾಗಬೇಕೆಂದು ಮನೆಬಿಟ್ಟು ಬಂದ ಯುವಕನಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದಿದ್ದೀತು? ಊರಿಗೆ ಹಿಂದಿರುಗಿ, ತಂದೆಯವರ ಮಾತೇ ಸರಿಯೆಂದು ಒಪ್ಪಿಕೊಂಡು ಸುಮ್ಮನಿರಬಹುದಾಗಿತ್ತು. ಲಕ್ಷ್ಮಣರಾಯರು ಹಾಗೆ ಮಾಡಲಿಲ್ಲ. ಬಣ್ಣ ಕೈಬಿಟ್ಟರೂ ಗೆರೆ ತಮ್ಮ ಕೈಯಲ್ಲೇ ಉಳಿದಿದೆಯೆಂಬುದನ್ನು ಅವರು ಕಂಡುಕೊಂಡರು. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಕಿಲ್ಲ; ಅಳತೆ ಬೇಕು, ಸ್ಥಿರವಾದ ಕೈ ಬೇಕು, ವಸ್ತುವಿನ ಒಳಗನ್ನು ಹೊರಗಿನಿಂದಲೇ ಕಾಣುವ ಬುದ್ಧಿ ಬೇಕು. ಆ ವಿದ್ಯೆಯನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರರೇಖಾಚಿತ್ರದ ಸಹಾಯಕ ಅಧ್ಯಾಪಕರಾದರು. ಪಾಠ ಮುಗಿದ ಮೇಲೆ ಅಲ್ಲಿಯ ಯಂತ್ರಗಳ ನಡುವೆ ಕಳೆದ ಹೊತ್ತೇ ಅವರ ನಿಜವಾದ ವಿದ್ಯಾಭ್ಯಾಸವಾಯಿತು.

ಸೈಕಲ್ಲು ಆಗ ನಮ್ಮ ದೇಶಕ್ಕೆ ಹೊಸ ವಸ್ತು. 1888ರಲ್ಲಿ ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನು ತೆರೆದರು. ತಮ್ಮ ಮುಂಬಯಿಯಿಂದ ಸೈಕಲ್ಲುಗಳನ್ನು ಕಳುಹಿಸುವುದು, ಅಣ್ಣ ಬೆಳಗಾವಿಯಲ್ಲಿ ಅವನ್ನು ಮಾರುವುದು, ಕೊಂಡವರಿಗೆ ಹತ್ತುವುದನ್ನು ಕಲಿಸಿಕೊಡುವುದು: ಹೀಗೆ ವ್ಯಾಪಾರ ನಡೆಯಿತು. ಆ ಅಂಗಡಿಯಿದ್ದ ಬೀದಿಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆಯೆಂದೇ ಹೆಸರು. ಕೆಲವು ವರ್ಷಗಳ ಬಳಿಕ, ಮುಂಬಯಿಯ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರಿಗೆ ಹೋದಾಗ, ಲಕ್ಷ್ಮಣರಾಯರು ಆ ಕೆಲಸಕ್ಕೆ ಶರಣು ಹೊಡೆದು ಬೆಳಗಾವಿಗೆ ಬಂದುಬಿಟ್ಟರು. ತಿಂಗಳ ಸಂಬಳ ಹೋಯಿತು. ಕೈಗೆ ಸ್ವಾತಂತ್ರ್ಯ ಬಂತು.

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ಅವರು ರೈತನ ಕಡೆಗೆ ಕಣ್ಣು ಹಾಯಿಸಿದರು. ಮೊದಲು ಕೈಗೆತ್ತಿಕೊಂಡದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಸೊಪ್ಪೆಯನ್ನು ಇಡಿಯಾಗಿ ಹಾಕಿದರೆ ದನಗಳು ಗರಿಯನ್ನು ತಿಂದು ದಂಟನ್ನು ತುಳಿದು ಹಾಳುಮಾಡುತ್ತವೆ. ತುಂಡುಮಾಡಿ ಹಾಕಿದರೆ ಅಷ್ಟೇ ಬಣವೆ ಹೆಚ್ಚು ದಿನ ಬಾಳುತ್ತದೆ. ಬರಗಾಲ ಮತ್ತೆ ಮತ್ತೆ ಬಂದೆರಗುವ ನಾಡಿನಲ್ಲಿ ಇದು ಚಿಕ್ಕ ಲಾಭವಲ್ಲ. ಅದರ ಹಿಂದೆಯೇ ಬಂದದ್ದು ಕಬ್ಬಿಣದ ನೇಗಿಲು.

ಮರದ ನೇಗಿಲು ನೆಲವನ್ನು ಸೀಳುತ್ತದೆ, ಆದರೆ ಮಗುಚುವುದಿಲ್ಲ. ಸಾಲಿನ ಇಕ್ಕೆಲದಲ್ಲಿ ಮಣ್ಣು ಸರಿಯುತ್ತದೆ. ಎರಡು ಸಾಲುಗಳ ನಡುವೆ ಉಳುಮೆಯಾಗದ ಏಣು ಉಳಿಯುತ್ತದೆ. ಎರೆಭೂಮಿಯಲ್ಲಿ ಆಳವಾಗಿ ಬೇರೂರಿದ ಕರಿಕೆ ಹುಲ್ಲಿಗೆ ಆ ಸೀಳು ತಾಗುವುದೇ ಇಲ್ಲ. ಕಬ್ಬಿಣದ ನೇಗಿಲಿಗೆ ಕುಳದ ಮೇಲ್ಗಡೆ ಬಾಗಿದ ಹಲಗೆಯಿರುತ್ತದೆ. ಕುಳ ಕತ್ತರಿಸಿದ ಮಣ್ಣಿನ ಪದರವು ಆ ಬಾಗಿನ ಮೇಲೆ ಏರಿ, ತಿರುಗಿ, ತಲೆಕೆಳಗಾಗಿ ಬೀಳುತ್ತದೆ. ಕಳೆ ಕೆಳಗಾಗುತ್ತದೆ, ಬೇರು ಬಿಸಿಲಿಗೆ ಬೀಳುತ್ತದೆ. ಇಷ್ಟು ಸ್ಪಷ್ಟವಾದ ಪ್ರಯೋಜನವಿದ್ದರೂ ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಬಾರದೆಂಬ ಭಯ ಜನರಲ್ಲಿತ್ತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ! ಮಾಡಿಟ್ಟ ನೇಗಿಲುಗಳು ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನು ನೋಡುತ್ತ, ಸಂಸಾರವನ್ನೂ ಕೆಲಸಗಾರರನ್ನೂ ಸಾಕುತ್ತ, ಮಾಡಿದ್ದು ಸರಿಯೆಂಬ ನಂಬಿಕೆಯನ್ನು ಉಳಿಸಿಕೊಳ್ಳುವುದು ಸಾಮಾನ್ಯರ ಕೆಲಸವಲ್ಲ.

ರೈತರ ಆ ಭಯವನ್ನು ಬರಿಯ ಮೌಢ್ಯವೆಂದು ನಗುವುದು ನಮಗೆ ಸುಲಭ. ಆದರೆ ಒಂದು ವರ್ಷದ ಬೆಳೆ ಹೋದರೆ ಸಾಲಗಾರನ ಮನೆಬಾಗಿಲಿಗೆ ಹೋಗಬೇಕಾದವನು ಹೊಸದನ್ನು ಶಂಕಿಸುವುದು ಸಹಜವಲ್ಲವೆ? ಪರೀಕ್ಷೆಯಲ್ಲಿ ಸೋತರೆ ತಯಾರಕನಿಗೆ ಒಂದು ನೇಗಿಲು ನಷ್ಟ. ರೈತನಿಗೆ ಒಂದು ವರ್ಷದ ಅನ್ನ ನಷ್ಟ. ರೈತನ ಈ ಲೆಕ್ಕವನ್ನು ಉಪನ್ಯಾಸದಿಂದ ಬದಲಿಸಲಾಗದು. ಹೊಲದಲ್ಲಿ ಉತ್ತು ತೋರಿಸಿದರೆ ಮಾತ್ರ ಬದಲಾದೀತು.

ಇನ್ನೊಂದು ತೊಡಕು ಲೋಹದ್ದು. ಆಗ ಇಂಗ್ಲೆಂಡಿನ ರ‍್ಯಾನ್ಸಮ್ ಕಂಪನಿಯ ನೇಗಿಲುಗಳು ಹೆಸರುವಾಸಿಯಾಗಿದ್ದವು. ಆ ಮನೆತನದ ರಾಬರ್ಟ್ ರ‍್ಯಾನ್ಸಮ್ 1803ರಲ್ಲೇ ಒಂದು ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನು. ಎರಕದ ಕುಳದ ತಳಭಾಗ ಬೇಗ ತಣ್ಣಗಾಗುವಂತೆ ಮಾಡಿದರೆ ಆ ಮೈ ಗಟ್ಟಿಯಾಗುತ್ತದೆ, ಮೇಲ್ಮೈ ಮೆತ್ತಗೆ ಉಳಿಯುತ್ತದೆ. ಉಳುವಾಗ ಮೇಲ್ಮೈ ಹೆಚ್ಚು ಸವೆದು ಅಂಚು ತಾನಾಗಿಯೇ ಹರಿತವಾಗಿ ನಿಲ್ಲುತ್ತದೆ. ನೋಡುವುದಕ್ಕೆ ಕುಳ ಒಂದು ಕಬ್ಬಿಣದ ತುಂಡು. ಒಳಗೆ ನೂರು ವರ್ಷದ ಅನುಭವ. ಇಂಥ ವಸ್ತುವಿಗೆ ಸಮನಾದುದನ್ನು ಬೆಳಗಾವಿಯ ಚಿಕ್ಕ ಶೆಡ್ಡಿನಲ್ಲಿ ಮಾಡಬೇಕಾಗಿತ್ತು. ಅದೂ ನಮ್ಮ ಎತ್ತುಗಳು ಎಳೆಯಬಲ್ಲ ತೂಕದಲ್ಲಿ, ನಮ್ಮ ರೈತ ಕೊಡಬಲ್ಲ ಬೆಲೆಯಲ್ಲಿ. ಲಕ್ಷ್ಮಣರಾಯರು ಪಟ್ಟುಬಿಡದೆ ತಮ್ಮ ನೇಗಿಲನ್ನು ತಿದ್ದುತ್ತ ಹೋದರು.

ಅಷ್ಟರಲ್ಲಿ ಬೆಳಗಾವಿಯ ಜಾಗವನ್ನು ಪುರಸಭೆಯ ಹೊಸ ಬಡಾವಣೆಯ ಸಲುವಾಗಿ ತೆರವು ಮಾಡಬೇಕಾಗಿ ಬಂತು. ಕಾರ್ಯಾಗಾರವಿಲ್ಲದ ಕಮ್ಮಾರನ ಪಾಡು ಹೊಲವಿಲ್ಲದ ರೈತನ ಪಾಡು. ಆಗ ಕೈಹಿಡಿದವರು ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಸಾಲವನ್ನೂ, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನೂ ಕೊಟ್ಟರು. 1910ರಲ್ಲಿ ಲಕ್ಷ್ಮಣರಾಯರು ತಮ್ಮವರೊಡನೆ ಅಲ್ಲಿಗೆ ಹೋದಾಗ ಕಂಡದ್ದು ಪಾಪಾಸುಕಳ್ಳಿ ಮತ್ತು ಹಾವುಗಳು. ಕಳ್ಳಿಯನ್ನು ಕಡಿದು, ನೆಲವನ್ನು ಹಸನುಮಾಡಿ, ಶೆಡ್ಡು ಎಬ್ಬಿಸಿ, ಇಪ್ಪತ್ತೈದು ಮಂದಿ ಕೆಲಸಗಾರರೂ ಅವರ ಮನೆಯವರೂ ಸೇರಿ ಕಟ್ಟಿದ ಆ ನೆಲೆಯೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ರೈಲು ನಿಲ್ದಾಣಕ್ಕೂ ಅದೇ ಹೆಸರಾಗಿದೆ.

ಅವರ ಸಂಗಡಿಗರನ್ನು ನೆನೆಯದಿದ್ದರೆ ಈ ಚರಿತ್ರೆ ಅಪೂರ್ಣ. ಆಡಳಿತವನ್ನು ಹೊತ್ತ ರಾಮುಅಣ್ಣ, ಯಂತ್ರಗಳ ಮರ್ಮ ಬಲ್ಲ ಶಂಭುಅಣ್ಣ ಜಾಂಭೇಕರ್, ಲೆಕ್ಕಪತ್ರ ನೋಡಿಕೊಂಡ ಮಂಗೇಶರಾವ್ ರೇಗೆ, ಶಾಲೆಯನ್ನು ಅರ್ಧಕ್ಕೆ ಬಿಟ್ಟರೂ ಕಲ್ಪಕ ಬುದ್ಧಿಯಿದ್ದ ಅನಂತರಾವ್ ಫಳಣೀಕರ್: ಇವರಲ್ಲಿ ದೊಡ್ಡ ಪದವಿ ಹೊತ್ತು ಬಂದವರಿರಲಿಲ್ಲ. ಲಕ್ಷ್ಮಣರಾಯರು ಮನುಷ್ಯನ ಕೈಯನ್ನು ನೋಡುತ್ತಿದ್ದರೇ ಹೊರತು ಅವನ ಪ್ರಮಾಣಪತ್ರವನ್ನಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನು ಕಾವಲುಗಾರರನ್ನಾಗಿ ನೇಮಿಸಿಕೊಂಡರು. ತಮ್ಮ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಸಾರಿದರು. ಅದು ಯಜಮಾನನೊಬ್ಬನ ಮಾತೇ ನಡೆಯುವ ಊರಾಗಿತ್ತೆಂಬುದು ನಿಜ. ಆ ಮಾತು ಯಾರ ಪರವಾಗಿ ನಡೆಯಿತೆಂಬುದೂ ಅಷ್ಟೇ ನಿಜ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಪರದೇಶದ ನೇಗಿಲುಗಳು ಬರುವುದು ನಿಂತು, ಸ್ವದೇಶದ ನೇಗಿಲಿಗೆ ಬೇಡಿಕೆ ಹುಟ್ಟಿತು. ಆದರೆ ಕಬ್ಬಿಣವೇ ಸಿಗದಾಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಕೋಟೆಯಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಒದಗಿಸಿದರು. ತೋಪುಗಳು ಕುಲುಮೆಯಲ್ಲಿ ಕರಗಿ ನೇಗಿಲುಗಳಾದವು. ಜಗತ್ತೆಲ್ಲ ಕಬ್ಬಿಣವನ್ನು ತೋಪಾಗಿ ಎರೆಯುತ್ತಿದ್ದ ಕಾಲದಲ್ಲಿ ಒಂದು ಮೂಲೆಯಲ್ಲಿ ತೋಪು ನೇಗಿಲಾದ ಈ ಸಂಗತಿಯನ್ನು ನಮ್ಮ ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ನಾನು ಕಂಡಿಲ್ಲ.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಕಿರ್ಲೋಸ್ಕರ್ ಬ್ರದರ್ಸ್ ನಿಯಮಿತ ಕಂಪನಿಯಾಯಿತು. ಕಬ್ಬಿನ ಗಾಣ, ಪಂಪು, ಎಂಜಿನ್ನು ಹೀಗೆ ಒಂದೊಂದಾಗಿ ಬಂದವು. ಅದೇ ವರ್ಷ ಅಲ್ಲಿಂದ ಹೊರಟ ಮರಾಠಿ ಮಾಸಪತ್ರಿಕೆಯನ್ನು ಅವರ ಅಣ್ಣನ ಮಗ ಶಂಕರರಾಯರು ನಡೆಸಿದರು. ಮಗ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಪದವಿ ಪಡೆದು ಬಂದರು. ಹಿರಿಯರ ಕೈಯನುಭವಕ್ಕೆ ಕಿರಿಯರ ಶಾಸ್ತ್ರಜ್ಞಾನ ಕೂಡಿಕೊಂಡಿತು. 1941ರಲ್ಲಿ ಮೈಸೂರು ಸರ್ಕಾರದ ಪ್ರೋತ್ಸಾಹದೊಡನೆ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಅಲ್ಲಿ ತಯಾರಾದದ್ದು ಲೇತು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರ. ನೇಗಿಲಿನಿಂದ ಹೊರಟ ದಾರಿ ತುಂಗಭದ್ರೆಯ ದಡಕ್ಕೆ ಬಂದದ್ದು ಹೀಗೆ.

ಆ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ದುಡಿದವರು ಚದುರಿದರು. ಆದರೆ ಕೈಗೆ ಹತ್ತಿದ ವಿದ್ಯೆ ಬಾಗಿಲಿಗೆ ಬೀಗ ಬಿದ್ದ ಮಾತ್ರಕ್ಕೆ ಅಳಿಯುವುದಿಲ್ಲ. ಇದನ್ನು ನಾನು ಬಲ್ಲುದು ಪುಸ್ತಕದಿಂದಲ್ಲ. ನಮ್ಮ ಮನೆಯ ಒಂದು ಹಲುಬೆಯಿಂದ. ಮೊದಲಲ್ಲಿ ಹೇಳಿದ ಕಾರಣ ಇದೇ.

ಮಾಯಕೊಂಡದ ಸುತ್ತ ನಮ್ಮದು ಮಸಾರಿ ನೆಲ, ಮಳೆಯನ್ನೇ ನಂಬಿದ ಬೇಸಾಯ. ಪ್ರತಿ ಉಳುಮೆಗೂ ಬೆಣಚುಕಲ್ಲುಗಳು ಮೇಲಕ್ಕೆ ಬರುತ್ತವೆ. ಮೆಕ್ಕೆಜೋಳದ ಕೂಳೆ, ಹೆಂಟೆ, ಕಲ್ಲು ಇವನ್ನು ಆರಿಸುವುದಕ್ಕೆ ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೈಗೆಟುಕುವುದಿಲ್ಲ. ಎತ್ತಿನ ಹಲುಬೆ ಅಟ್ಟ ಸೇರಿ ಬಹಳ ಕಾಲವಾಯಿತು. ಟ್ರಾಕ್ಟರಿಗೆ ಕಟ್ಟುವ ದೊಡ್ಡ ಹಲುಬೆಗಳು ಪರದೇಶಗಳಲ್ಲಿ ತಯಾರಾಗಿ ಸಿಗುತ್ತವೆ. ಅವುಗಳ ಬೆಲೆ ಕೇಳಿದರೆ ಹೊಲವನ್ನೇ ಮಾರಬೇಕೆನಿಸುತ್ತದೆ. ನಮ್ಮ ದೊಡ್ಡಪ್ಪನವರು ಒಂದನ್ನು ಊರಿನಲ್ಲೇ ಮಾಡಿಸಲು ಹೊರಟರು. ಅಳತೆ ಹಾಕಿ ಕಾಗದದ ಮೇಲೆ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಹಲ್ಲುಗಳಿಗೆ ದಾವಣಗೆರೆಯ ಗುಜರಿ ಅಂಗಡಿಯಿಂದ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ತೂಕದ ಲೆಕ್ಕದಲ್ಲಿ ತಂದೆವು. ಅವುಗಳಿಗೆ ಮೊದಲೇ ಬಾಗು ಇರುತ್ತದೆ. ಕಲ್ಲಿಗೆ ತಾಗಿದಾಗ ಮಣಿದು ಮತ್ತೆ ನೆಟ್ಟಗಾಗುವ ಗುಣವೂ ಇರುತ್ತದೆ. ಅಡ್ಡದಂಡಕ್ಕೆ ಒಂದು ಗಟ್ಟಿ ಕಬ್ಬಿಣದ ಚಾನೆಲ್ ಸಾಕಾಯಿತು. ಹಲ್ಲುಗಳನ್ನು ಅದಕ್ಕೆ ವೆಲ್ಡಿಂಗ್ ಮಾಡಿಬಿಡುವುದು ಎಲ್ಲಕ್ಕಿಂತ ಸುಲಭವೆಂದು ನೋಡಿದವರೆಲ್ಲ ಹೇಳಿದರು. ಬೇಡವೆಂದವರು ಹರಿಹರದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು, ಈಗ ಚಿಕ್ಕದೊಂದು ಲೇತು ಇಟ್ಟುಕೊಂಡಿರುವ ಹಿರಿಯರು. ಸ್ಪ್ರಿಂಗಿನ ಉಕ್ಕು ವೆಲ್ಡಿಂಗಿನ ಶಾಖಕ್ಕೆ ಸಿಕ್ಕಿ ತಟ್ಟನೆ ತಣ್ಣಗಾದರೆ ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಪೆಡಸಾಗುತ್ತದೆ, ಮೊದಲ ಕಲ್ಲಿಗೇ ಮುರಿಯುತ್ತದೆ ಎಂದು ಅವರು ತಿಳಿಸಿದರು. ಅಲ್ಲದೆ ಬೋಲ್ಟಿನಿಂದ ಬಿಗಿದ ಹಲ್ಲು ಮುರಿದರೆ ರೈತನೇ ಹೊಲದಲ್ಲಿ ನಿಂತು ಬೇರೊಂದನ್ನು ಹಾಕಬಹುದು. ಬೆಸೆದ ಹಲ್ಲು ಮುರಿದರೆ ಇಡೀ ಹಲುಬೆಯನ್ನು ಪೇಟೆಗೆ ಹೊರಬೇಕು.

ಲಾರಿಯ ಪಟ್ಟಿಯ ನಡುವೆ ಮೊದಲೇ ಒಂದು ತೂತು ಇರುತ್ತದೆ. ಪಟ್ಟಿಗಳನ್ನೆಲ್ಲ ಒಟ್ಟಿಗೆ ಹಿಡಿಯುವ ಬೋಲ್ಟು ಹೋಗುವ ತೂತು ಅದು. ಆ ತೂತಿನಾಚೆ ಸ್ವಲ್ಪ ಬಿಟ್ಟು ಕತ್ತರಿಸಿದರೆ ಉಳಿದ ಉದ್ದದ ತುಂಡಿಗೆ ಹೊಸದಾಗಿ ಕೊರೆಯುವ ಕೆಲಸವೇ ಇಲ್ಲ. ಒಂದೇ ಬೋಲ್ಟಿನ ಮೇಲೆ ಹಲ್ಲು ಅತ್ತಿತ್ತ ತಿರುಗದಂತೆ ಅದರ ಎರಡು ಬದಿಗೂ ಚಿಕ್ಕ ಕಬ್ಬಿಣದ ತುಂಡುಗಳನ್ನು ಚಾನೆಲ್ಲಿಗೆ ಬೆಸೆದರಾಯಿತು. ಬೆಸುಗೆ ಬೀಳುವುದು ಮೆತ್ತನೆಯ ಕಬ್ಬಿಣದ ಮೇಲೆ, ಉಕ್ಕಿನ ಮೇಲಲ್ಲ. ಐರ್ಲೆಂಡಿನ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ರೂಪಿಸಿದ ಮೂರು ಕೊಂಡಿಗಳ ಜೋಡಣೆ ಇಂದು ನಮ್ಮೂರಿನ ಟ್ರಾಕ್ಟರುಗಳಲ್ಲೂ ಇದೆ. ಆದ್ದರಿಂದ ಹಲುಬೆಗೂ ಕೆಳಗೆ ಎರಡು, ಮೇಲೆ ಒಂದು ಕಿವಿಯನ್ನು ಅದೇ ಅಳತೆಗೆ ಮಾಡಿದೆವು. ಮೇಲಿನ ಕೊಂಡಿಯನ್ನು ತಿರುಪಿ ಉದ್ದ ಗಿಡ್ಡ ಮಾಡಿದರೆ ಹಲ್ಲಿನ ಓರೆ ಬದಲಾಗುತ್ತದೆ. ಓರೆ ಸರಿಯಾಗಿದ್ದರೆ ಮಣ್ಣು ಹಲ್ಲುಗಳ ನಡುವೆ ಜಾರಿಹೋಗಿ ಕಲ್ಲು ಮಾತ್ರ ಉಳಿಯುತ್ತದೆ. ದಂಡವನ್ನು ತುಸು ಓರೆಯಾಗಿ ನಿಲ್ಲಿಸಿದರೆ ಕಲ್ಲುಗಳು ಒಂದು ಬದಿಗೆ ಸರಿದು ಬದುವಿನ ಉದ್ದಕ್ಕೂ ಸಾಲುಗಟ್ಟುತ್ತವೆ. ನಿಧಾನವಾಗಿ ಓಡಿಸಬೇಕೆಂಬುದೊಂದೇ ನಿಯಮ.

ಇಷ್ಟನ್ನೂ ವಿವರವಾಗಿ ಹೇಳಿದ್ದು ನಮ್ಮ ಮನೆಯ ಹೆಚ್ಚುಗಾರಿಕೆಗಲ್ಲ. ಲಕ್ಷ್ಮಣರಾಯರ ಜೀವನದ ತಿರುಳು ಇದರಲ್ಲಿ ಕೈಗೆ ಸಿಗುತ್ತದೆಂಬ ಕಾರಣಕ್ಕೆ. ಪರದೇಶದ ವಸ್ತುವನ್ನು ನೋಡಿ ಬೆರಗಾಗಿ ನಿಲ್ಲದೆ, ಅದು ಏಕೆ ಹಾಗಿದೆಯೆಂದು ಕೇಳಿ, ನಮ್ಮ ಮಣ್ಣಿಗೆ, ನಮ್ಮ ಎತ್ತಿಗೆ, ನಮ್ಮ ಜೇಬಿಗೆ ಹೊಂದುವಂತೆ ಮತ್ತೆ ಮಾಡುವುದು. ಸವೆಯುವ ಭಾಗವನ್ನು ಬದಲಿಸುವಂತೆ ಇಡುವುದು. ಇದ್ದ ಕಬ್ಬಿಣದಲ್ಲಿ, ಅದು ತೋಪಾಗಲಿ ಲಾರಿಯ ಪಟ್ಟಿಯಾಗಲಿ, ಕೆಲಸ ತೆಗೆಯುವುದು. ಬೆಳಗಾವಿಯ ಶೆಡ್ಡಿನಿಂದ ಹರಿಹರಕ್ಕೆ ಬಂದ ಈ ಬುದ್ಧಿ ಕಾರ್ಖಾನೆ ಮುಚ್ಚಿದ ಮೇಲೆ ಬೀದಿಬದಿಯ ಚಿಕ್ಕ ಲೇತುಗಳಲ್ಲಿ ಉಳಿದಿದೆ. ಅಲ್ಲಿಯೂ ಅದು ಎಷ್ಟು ದಿನ ಉಳಿದೀತು? ಆ ಹಿರಿಯರ ಬಳಿ ಈಗ ಕೆಲಸ ಕಲಿಯುತ್ತಿರುವವರು ಯಾರೂ ಇಲ್ಲ.

ಲಕ್ಷ್ಮಣರಾಯರ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. 1948ರಲ್ಲಿ, ಗಾಂಧೀಜಿಯವರ ಕೊಲೆಯ ಬಳಿಕ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಕಳ್ಳಿ ಕಡಿದು ಕಟ್ಟಿದ್ದನ್ನು ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಸುಟ್ಟು ಕರಿಯಾದದ್ದನ್ನಾಗಿ ಕಾಣಬೇಕಾದ ದುಃಖ ಅವರ ಪಾಲಿಗೆ ಬಂತು. ಕಾರ್ಖಾನೆ ಮತ್ತೆ ಎದ್ದು ನಿಂತಿತು. 1956ನೆಯ ಇಸವಿ ಸೆಪ್ಟೆಂಬರ್ 26ರಂದು ಅವರು ಕಾಲವಶರಾದರು. ಅವರ ಜನ್ಮಶತಾಬ್ದಿಯಾದ 1969ರಲ್ಲಿ ಭಾರತ ಸರ್ಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಬಣ್ಣ ಕಾಣದ ಚಿತ್ರಕಾರ, ಬಡ್ತಿ ಸಿಗದ ಅಧ್ಯಾಪಕ, ಎರಡು ವರ್ಷ ಗಿರಾಕಿಯಿಲ್ಲದ ತಯಾರಕ, ಜಾಗ ಕಳೆದುಕೊಂಡ ಕಾರ್ಯಾಗಾರದ ಒಡೆಯ: ಅವರ ಬಾಳಿನ ಮೊದಲರ್ಧವನ್ನು ಹೀಗೆ ಸೋಲುಗಳ ಪಟ್ಟಿಯಾಗಿಯೂ ಬರೆಯಬಹುದು. ಕಲಾ ವಿಭಾಗಕ್ಕೆ ಸೇರಿದವರು ಬೇರೆಲ್ಲೂ ಸ್ಥಳ ಸಿಗದೆ ಬಂದವರೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ನಮ್ಮಲ್ಲಿ ಬಹುಮಂದಿ ಒಕ್ಕಲು ಮನೆಯವರು. ಪದವಿ ಬಂದರೆ ಹಾರೆ ಗುದ್ದಲಿಗಳಿಂದ ಬಿಡುಗಡೆಯೆಂದು ಮನೆಯವರೂ ನಂಬಿದ್ದಾರೆ, ನಾವೂ ನಂಬಿದ್ದೇವೆ. ಆದರೆ ಚಿತ್ರಶಾಲೆಯಲ್ಲಿ ಕಲಿತ ಒಂದು ಗೆರೆಯೇ ಈ ನಾಡಿನ ಲಕ್ಷಾಂತರ ಹೊಲಗಳಲ್ಲಿ ಸಾಲಾಗಿ ಬೆಳೆಯಿತೆಂಬುದನ್ನು ಲಕ್ಷ್ಮಣರಾಯರ ಜೀವನ ತೋರಿಸುತ್ತದೆ. ರೈತನ ಭಯವನ್ನು ಅರಿಯಲು ಚರಿತ್ರೆ ಬೇಕು, ಅವನ ಲೆಕ್ಕವನ್ನು ಅರಿಯಲು ಅರ್ಥಶಾಸ್ತ್ರ ಬೇಕು, ಅವನ ಉಪಕರಣಗಳ ಹೆಸರುಗಳನ್ನು ಉಳಿಸಲು ಭಾಷೆ ಬೇಕು. ಇವೆಲ್ಲ ನಮ್ಮ ಪಾಠದ ಕೊಠಡಿಗಳಲ್ಲೇ ಇವೆ. ಬರುವ ಬೇಸಿಗೆಯ ರಜೆಯಲ್ಲಿ ಮಿತ್ರರು ತಮ್ಮ ತಮ್ಮ ಊರಿನ ಕುಲುಮೆಯ ಮುಂದೆ, ಲೇತಿನ ಮುಂದೆ ಒಂದು ದಿನ ಕುಳಿತು ಅಲ್ಲಿಯ ಕೆಲಸವನ್ನು ಬರೆದುಕೊಂಡು ಬಂದರೆ, ಮುಂದಿನ ವರ್ಷದ ಈ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಲೇಖನಗಳು ಬೇಕಾಗಲಾರವು.